ತಲೆಯ ಮೇಲಿನ ಕೊಕ್ಕೆ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಬರಹದಲ್ಲಿ ಬರುವ ಮನುಷ್ಯನ ಹೆಸರನ್ನು ನಾನು ಬರೆಯುತ್ತಿಲ್ಲ. ಮುಚ್ಚುಮರೆ ಏನೂ ಇಲ್ಲ. ಶಿಕಾಗೊ ನಗರದ ಒಂದು ಉದ್ದನೆಯ ರಸ್ತೆಗೆ ಆ ಹೆಸರಿದೆ, ರೈಲು ನಿಲ್ದಾಣಗಳಿಗೆ ಇದೆ. ನನ್ನ ತೊಂದರೆ ಬೇರೆ. ಆ ಹೆಸರು ಇಂಗ್ಲಿಷಿನ ಸಿ ಅಕ್ಷರದಿಂದ ಶುರುವಾಗುತ್ತದೆ. ಊರಿನವರು, ಬಸ್ಸಿನವರು, ರೈಲಿನೊಳಗಿನ ಧ್ವನಿಮುದ್ರಿತ ಗಂಡಸು, ಎಲ್ಲರೂ ಅದನ್ನು ಸಕಾರದಿಂದ ಹೇಳುತ್ತಾರೆ. ಆತನ ಅಪ್ಪ ಅಮ್ಮ ಹೊತ್ತು ತಂದ ಹೆಸರು ಚಕಾರದಿಂದ ಶುರುವಾಗುತ್ತಿತ್ತು. ಇಂಗ್ಲಿಷಿನಲ್ಲಾದರೆ ಬರೆದು ಸುಮ್ಮನಿರಬಹುದು, ಮುಂದಿನದು ಓದುವವರ ಪಾಡು. ಕನ್ನಡದಲ್ಲಿ ಹಾಗೆ ಜಾರಿಕೊಳ್ಳಲು ಬರುವುದಿಲ್ಲ. ಬರೆದೆವೆಂದರೆ ಉಚ್ಚರಿಸಿದೆವು ಎಂದೇ ಲೆಕ್ಕ. ಸ ಹಾಕಲೇ, ಚ ಹಾಕಲೇ ಎಂದು ಎರಡು ದಿನ ಯೋಚಿಸಿ, ಕೊನೆಗೆ ಆತನ ಸಮಾಧಿಯನ್ನೇ ನೋಡಿಬರೋಣ ಎಂದು ಹೊರಟೆ.

ಗೇಟಿನ ಮುಂದೆ ಕಾರು ನಿಂತಾಗ ಬೆಳಗಿನ ಹತ್ತೂವರೆ. ಅಕ್ಟೋಬರ್ ಕೊನೆಯ ವಾರ. ಓಡಿಸಿಕೊಂಡು ಬಂದವನು ಅಕ್ಕನ ಮಗ. ಈ ಊರಿಗೆ ಬಂದು ಹತ್ತು ವರ್ಷವಾದರೂ ಈ ಕಡೆ ತಲೆ ಹಾಕಿದವನಲ್ಲ. "ಚಿಕ್ಕಮ್ಮ, ಬಂದೋರೆಲ್ಲ ಸರೋವರ ನೋಡ್ತಾರೆ, ಎತ್ತರದ ಕಟ್ಟಡ ಹತ್ತಿ ಫೋಟೋ ತೆಗೆಸ್ಕೋತಾರೆ. ನೀವು ನೋಡಿದ್ರೆ ಸ್ಮಶಾನ ಅಂತೀರಿ" ಎಂದು ದಾರಿಯುದ್ದಕ್ಕೂ ಗೊಣಗಿದ್ದ. ದೀಪಾವಳಿ ಹತ್ತಿರ ಬಂದಿತ್ತು. ಇಲ್ಲಿಗೆ ಬಂದದ್ದನ್ನು ಅಕ್ಕನಿಗೆ ಹೇಳಬಾರದು ಎಂದು ಇಬ್ಬರೂ ಒಪ್ಪಂದ ಮಾಡಿಕೊಂಡೆವು.

ಗೇಟು ಎಂದರೆ ಬರಿಯ ಗೇಟಲ್ಲ. ಸುಣ್ಣಕಲ್ಲಿನ ದಪ್ಪ ಕಟ್ಟಡ, ಗೋಪುರ, ಮೇಲೆ ಕೋಟೆಯ ತೆನೆಗಳು. ಚಿತ್ರದುರ್ಗದಲ್ಲಿ ಬಾಗಿಲು ದಾಟುವಾಗ ಕತ್ತು ತಾನಾಗಿ ಮೇಲೇಳುತ್ತದಲ್ಲ, ಇಲ್ಲೂ ಹಾಗೇ ಆಯಿತು. ಸ್ಮಶಾನಕ್ಕೆ ಯಾಕೆ ಕೋಟೆ ಬಾಗಿಲು ಎಂದು ನನಗೆ ಮೊದಲು ತಿಳಿಯಲಿಲ್ಲ. ಈ ಜಾಗ ಹುಟ್ಟಿದ್ದೇ ಒಂದು ಜಗಳದಿಂದ ಎಂಬುದು ನೆನಪಾದ ಮೇಲೆ ಅದು ಅಷ್ಟೇನೂ ವಿಚಿತ್ರವಾಗಿ ಕಾಣಲಿಲ್ಲ. ಮಧ್ಯ ಯುರೋಪಿನ ಬೊಹೀಮಿಯಾದಿಂದ, ಎಂದರೆ ಇಂದಿನ ಚೆಕ್ ದೇಶದಿಂದ, ವಲಸೆ ಬಂದ ದುಡಿಯುವ ಜನ ಶಿಕಾಗೊದಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದರು. ಅವರಲ್ಲೊಬ್ಬ ಹೆಂಗಸು ಸತ್ತಾಗ, ಆಕೆ ಪಾಪನಿವೇದನೆ ಮಾಡಿಕೊಂಡಿರಲಿಲ್ಲ ಎಂದು ಪಾದ್ರಿಯೊಬ್ಬರು ಮಣ್ಣಿಗೆ ಜಾಗ ಕೊಡಲಿಲ್ಲ. ಸಿಟ್ಟಿಗೆದ್ದವರು ಸೇರಿ 1877ರಲ್ಲಿ ತಮ್ಮದೇ ಸ್ಮಶಾನ ಮಾಡಿಕೊಂಡರು. ಯಾವ ಮತದವರಾದರೂ ಸರಿ, ಮತವೇ ಬೇಡ ಎಂದವರಾದರೂ ಸರಿ, ಇಲ್ಲಿ ಜಾಗ ಉಂಟು.

ಒಳಗೆ ಕಾಲಿಟ್ಟ ಕೂಡಲೇ ಕಂಡವು ಬಾತುಗಳು. ಕಪ್ಪು ಕತ್ತಿನ ದೊಡ್ಡ ಬಾತುಗಳು ಸಮಾಧಿಗಳ ನಡುವೆ ಹುಲ್ಲು ಮೇಯುತ್ತಿದ್ದವು. ನಾವೇ ದಾರಿ ಬಿಟ್ಟು ಪಕ್ಕಕ್ಕೆ ಸರಿದೆವು. ಮೇಪಲ್ ಎಲೆ ಉದುರಿ ಹಾದಿಯೆಲ್ಲ ಅರಿಸಿನ ಚೆಲ್ಲಿದ ಹಾಗಿತ್ತು. ಗಾಳಿ ಬೀಸಿದಾಗ ಅವು ಒಟ್ಟಿಗೆ ಎದ್ದು, ಕಲ್ಲುಗಳಿಗೆ ಹೊಡೆದು, ಮತ್ತೆ ಕೂರುತ್ತಿದ್ದವು.

ಮೊದಲ ಸಾಲುಗಳಲ್ಲೇ ನಾನೊಂದು ಮೂರ್ಖತನ ಮಾಡಿದೆ. ಕಲ್ಲುಗಳ ಮೇಲೆ 'ರೊದಿನಾ' ಎಂಬ ಪದ ಕಂಡಿತು. ಮುಂದಿನ ಸಾಲಿನಲ್ಲೂ ರೊದಿನಾ, ಅದರಾಚೆಯೂ ರೊದಿನಾ. ಬಹಳ ಬಳಕೆಯ ಹೆಣ್ಣು ಹೆಸರಿರಬೇಕು, ನಮ್ಮಲ್ಲಿ ಲಕ್ಷ್ಮಿ ಇದ್ದ ಹಾಗೆ ಎಂದುಕೊಂಡು ಏಳೆಂಟು ರೊದಿನಾಗಳನ್ನು ಎಣಿಸಿದೆ. ಹುಡುಗ ಫೋನ್ ತೆಗೆದು ನೋಡಿ ನಕ್ಕ. "ಚಿಕ್ಕಮ್ಮ, ರೊದಿನಾ ಅಂದ್ರೆ ಕುಟುಂಬ." ಇಂಥವರ ಕುಟುಂಬ, ಅಂಥವರ ಕುಟುಂಬ ಎಂದು ಕೆತ್ತಿದ್ದಾರೆ, ಅಷ್ಟೆ. ಅದಾದ ಮೇಲೆ ಸ್ವಲ್ಪ ಹೊತ್ತು ಏನನ್ನೂ ಊಹಿಸದೆ ನಡೆದೆ.

ಆದರೆ ಕಣ್ಣು ಸುಮ್ಮನಿರಬೇಕಲ್ಲ. ಹಳೆಯ ಕಲ್ಲುಗಳಲ್ಲಿ ಕೆಲವು ಅಕ್ಷರಗಳ ನೆತ್ತಿಯ ಮೇಲೆ ಪುಟ್ಟದೊಂದು ಗುರುತು ಕಂಡಿತು. ಹಾರುವ ಹಕ್ಕಿಯನ್ನು ಮಕ್ಕಳು ಬರೆಯುತ್ತಾರಲ್ಲ, ಎರಡು ಗೀಟು ಸೇರಿಸಿ, ಆ ಥರ. ಸಿ ಮೇಲೆ, ಎಸ್ ಮೇಲೆ, ಆರ್ ಮೇಲೆ, ಝಡ್ ಮೇಲೆ. ಚೆಕ್ ಭಾಷೆಯಲ್ಲಿ ಅದಕ್ಕೆ 'ಹಾಚೆಕ್' ಎನ್ನುತ್ತಾರೆ. ಪುಟ್ಟ ಕೊಕ್ಕೆ ಎಂದರ್ಥ. ಕೊಕ್ಕೆ ಇದ್ದರೆ ಸಿ ನಮ್ಮ ಚ ಆಗುತ್ತದೆ, ಎಸ್ ನಮ್ಮ ಶ ಆಗುತ್ತದೆ. ಬೆರಳಿಟ್ಟು ನೋಡಿದೆ. ಕಲ್ಲು ತಣ್ಣಗಿತ್ತು, ಕೊಕ್ಕೆಯ ಕಚ್ಚಿನಲ್ಲಿ ಹಸಿರು ಪಾಚಿ ಕೂತಿತ್ತು. ಕೊಕ್ಕೆ ಎಂದರೆ ಹೆಚ್ಚು ಕಡಿಮೆ ನಮ್ಮ ತಲೆಕಟ್ಟು. ಒಂದನೇ ತರಗತಿಯಲ್ಲಿ ತಲೆಕಟ್ಟು ಬಿಟ್ಟರೆ ಮೇಷ್ಟರು ಬೆರಳ ಗಿಣ್ಣಿಗೆ ಅಡಿಕೋಲಿನಿಂದ ಕುಟ್ಟುತ್ತಿದ್ದರು. ಇಲ್ಲಿ, ನನಗೆ ಕಂಡ ಮಟ್ಟಿಗೆ, ಕಲ್ಲು ಹೊಸದಾದಷ್ಟೂ ಕೊಕ್ಕೆ ಕಡಿಮೆಯಾಗುತ್ತ ಬರುತ್ತದೆ. ಅಜ್ಜನಿಗೆ ಕೊಕ್ಕೆ ಇದೆ, ಮೊಮ್ಮಗನಿಗಿಲ್ಲ. ಕುಟ್ಟುವ ಮೇಷ್ಟರು ಇರಲಿಲ್ಲವೆಂದು ಕಾಣುತ್ತದೆ.

ನಾನು ಹುಡುಕಿಕೊಂಡು ಬಂದ ಹೆಸರಿನಲ್ಲೂ ಮೊದಲ ಅಕ್ಷರಕ್ಕೆ ಆ ಕೊಕ್ಕೆ ಇತ್ತು. ಅರ್ಥ, ಕೆಂಪು ಬಾಲದ ಒಂದು ಪುಟ್ಟ ಹಕ್ಕಿ. ರಸ್ತೆಯ ಫಲಕಗಳಲ್ಲಿ ಕೊಕ್ಕೆ ಇಲ್ಲ.

ಹಾದಿ ಬಲಕ್ಕೆ ತಿರುಗುವಲ್ಲಿ ಒಂದೇ ದಿನಾಂಕ ಹೊತ್ತ ಸಮಾಧಿಗಳು ಕಾಣತೊಡಗಿದವು. 1915ರ ಜುಲೈ 24. ಎರಡನೆಯದು ಕಂಡಾಗ ಕಾಕತಾಳೀಯ ಎಂದುಕೊಂಡೆ. ಐದನೆಯದಕ್ಕೆ ನಿಂತೆ. ಆ ಶನಿವಾರ ಬೆಳಿಗ್ಗೆ ದೂರವಾಣಿ ಉಪಕರಣ ತಯಾರಿಸುವ ಕಾರ್ಖಾನೆಯ ಕೆಲಸಗಾರರು ಹೆಂಡತಿ ಮಕ್ಕಳೊಂದಿಗೆ ವಾರ್ಷಿಕ ಪಿಕ್‌ನಿಕ್ಕಿಗೆ ಹೊರಟಿದ್ದರು. ಹಡಗಿನಲ್ಲಿ 2,500ಕ್ಕೂ ಹೆಚ್ಚು ಜನ. ಊರ ನಡುವೆ, ದಕ್ಕೆಯನ್ನು ಇನ್ನೂ ಬಿಡದೆಯೇ, ಹಡಗು ಶಿಕಾಗೊ ನದಿಯಲ್ಲಿ ಮಗ್ಗುಲಾಗಿ ಉರುಳಿತು. 844 ಜನ ಸತ್ತರು. ದಡ ಕೈಗೆಟುಕುವಷ್ಟು ಹತ್ತಿರವಿತ್ತು. ಅದಕ್ಕೆ ಮೂರು ವರ್ಷ ಹಿಂದೆ ಟೈಟಾನಿಕ್ ಮುಳುಗಿದ್ದರಿಂದ ಹಡಗುಗಳಿಗೆ ಜೀವರಕ್ಷಕ ದೋಣಿಗಳನ್ನು ಹೆಚ್ಚಿಸಬೇಕೆಂಬ ಕಾನೂನು ಬಂದಿತ್ತು. ಮೊದಲೇ ಓಲಾಡುತ್ತಿದ್ದ ಈ ಹಡಗಿನ ತಲೆ ಆ ಭಾರದಿಂದ ಇನ್ನಷ್ಟು ಭಾರವಾಗಿತ್ತು. ಸತ್ತವರಲ್ಲಿ ನೂರಕ್ಕೂ ಹೆಚ್ಚು ಜನ ಇಲ್ಲಿದ್ದಾರೆ. ಒಂದು ಕಲ್ಲಿನ ಮೇಲೆ ಪಿಂಗಾಣಿಯ ಬಿಲ್ಲೆಯಲ್ಲಿ ಅಚ್ಚೊತ್ತಿದ ಹುಡುಗಿಯ ಫೋಟೋ ಇತ್ತು. ಮಳೆ ಬಿಸಿಲಿಗೆ ಏನೂ ಆಗಿರಲಿಲ್ಲ. ಕೂದಲಿಗೆ ಕಟ್ಟಿದ್ದ ರಿಬ್ಬನ್ನಿನ ಮಡಿಕೆ ಕೂಡ ಕಾಣುತ್ತಿತ್ತು. ಹುಡುಗ ಫೋನ್ ಜೇಬಿಗಿಟ್ಟ.

ಅಲ್ಲಿಂದ ಮುಂದೆ ದೊಡ್ಡದೊಂದು ಕಟ್ಟಡ. ದಹನದ ನಂತರ ಬೂದಿಯನ್ನು ಇಡುವ ಜಾಗ. ಬೀಗ ಹಾಕಿತ್ತು. ಕಚೇರಿಯಲ್ಲಿ ಕೇಳಿದ್ದಕ್ಕೆ ಒಬ್ಬ ಹೆಂಗಸು ಬಂದು ತೆಗೆದುಕೊಟ್ಟರು. ಒಳಗೆ ಬೆಳಕು ಕಡಿಮೆ, ನೆಲದ ಚಳಿ ಷೂ ಒಳಗೇ ಇಳಿಯುತ್ತಿತ್ತು. ಗೋಡೆ ತುಂಬ ಗಾಜಿನ ಮುಚ್ಚಳದ ಗೂಡುಗಳು, ನೆಲದಿಂದ ಚಾವಣಿಯವರೆಗೆ. ಪ್ರತಿ ಗೂಡಿನಲ್ಲೂ ಬೂದಿಯ ಕರಂಡಕ, ಜೊತೆಗೆ ಮನೆಯವರು ಇಟ್ಟ ಸಾಮಾನು. ಫೋಟೋಗಳು, ಬಣ್ಣ ಮಾಸಿದ ಪುಟ್ಟ ಧ್ವಜ, ಬಟ್ಟೆಯ ಹೂವು. ನನಗೆ ಥಟ್ಟನೆ ನೆನಪಾದದ್ದು ನಮ್ಮ ಮನೆಗಳ ಹಾಲಿನ ಶೋಕೇಸು. ಮಗಳ ಕಪ್ಪು, ಮೈಸೂರಿನ ಗಂಧದ ಆನೆ, ಯಾರೋ ಕೊಟ್ಟ ತಾಜಮಹಲು, ಮದುವೆಯ ಫೋಟೋ. ಅದೇ ಜೋಡಣೆ, ಅದೇ ಧೂಳು. ಒಂದು ಗೂಡಿನಲ್ಲಿ ದಂಪತಿಯ ಫೋಟೋ ಒಂದರ ಮೇಲೊಂದು ಒರಗಿ ಬಿದ್ದಿತ್ತು. ಗಾಜು ತೆಗೆದು ನೆಟ್ಟಗೆ ನಿಲ್ಲಿಸಬೇಕು ಅನ್ನಿಸಿತು. ಕೈಯಲ್ಲಿ ಕೀಲಿಕೈ ಇದ್ದ ಆ ಹೆಂಗಸಿಗೆ ಹೇಳಲೇ ಎಂದು ಯೋಚಿಸಿದೆ, ಹೇಳಲಿಲ್ಲ. ಈಗ ಬರೆಯುವಾಗ ಹೇಳಬೇಕಿತ್ತು ಅನ್ನಿಸುತ್ತಿದೆ.

ಹೊರಗೆ ಬಂದು ಬಿಸಿಲಿಗೆ ನಿಂತು, ಫ್ಲಾಸ್ಕಿನ ಕಾಫಿ ಕುಡಿಯುತ್ತ ಹುಡುಗನಿಗೆ ಆ ಮನುಷ್ಯನ ಕಥೆ ಹೇಳಿದೆ.

ಹುಟ್ಟಿದ್ದು 1873ರಲ್ಲಿ, ಕ್ಲಾಡ್ನೊ ಎಂಬ ಗಣಿ ಊರಿನಲ್ಲಿ. ಒಂದು ವರ್ಷದ ಕೂಸಾಗಿದ್ದಾಗ ಅಪ್ಪ ಅಮ್ಮ ಅಮೆರಿಕಕ್ಕೆ ಹಡಗು ಹತ್ತಿದರು. ಅಪ್ಪ ಕಲ್ಲಿದ್ದಲು ಗಣಿಯ ಕೆಲಸದವನು. ಶಿಕಾಗೊದ ನೈರುತ್ಯಕ್ಕಿರುವ ಬ್ರೇಡ್‌ವುಡ್ ಎಂಬಲ್ಲಿ ಮತ್ತೆ ಗಣಿಗೇ ಸೇರಿದ. ಮಗನೂ ಎಳೆಯ ವಯಸ್ಸಿನಲ್ಲೇ ಗಣಿಗಿಳಿದು ಹೇಸರಗತ್ತೆ ಹೊಡೆದ. ಮೀಸೆ ಚಿಗುರುವ ಹೊತ್ತಿಗೆ ಶಿಕಾಗೊಗೆ ಬಂದು, ಕುದುರೆ ಎಳೆಯುವ ಟ್ರಾಮಿನವರ ಬಳಿ ಕುದುರೆ ಕಟ್ಟುವ ಕೆಲಸ ಹಿಡಿದ. ಆಮೇಲೆ ಒಂದು ಕುದುರೆ, ಒಂದು ಗಾಡಿ ಕೊಂಡು ಸೌದೆ ವ್ಯಾಪಾರಕ್ಕಿಳಿದ. ಕಟಾವು ಯಂತ್ರ ಮಾಡುವ ಕಾರ್ಖಾನೆಯಲ್ಲಿ ಉಳಿದ ಮರದ ಚೂರು, ಚಕ್ಕೆ, ತುಂಡು ಹಲಗೆ ಎಲ್ಲವನ್ನೂ ಅಗ್ಗಕ್ಕೆ ಎತ್ತಿ ತಂದು, ತನ್ನವರ ಕೇರಿಗಳಲ್ಲಿ ಒಲೆ ಹಚ್ಚಲು ಮಾರುತ್ತಿದ್ದ.

"ಸೌದೆ ಡಿಪೋ" ಎಂದ ಹುಡುಗ. ಅವನಿಗೆ ಆ ಮಾತು ಗೊತ್ತಿದ್ದದ್ದೇ ನನಗೆ ಆಶ್ಚರ್ಯ. ಅವನ ಕಾಲಕ್ಕೆ ಗ್ಯಾಸ್ ಬಂದಾಗಿತ್ತು. ನಮ್ಮ ಬೀದಿಯ ಕೊನೆಯಲ್ಲಿದ್ದ ಸೌದೆ ಡಿಪೋ ನನಗೆ ಚೆನ್ನಾಗಿ ನೆನಪಿದೆ. ಆಳೆತ್ತರದ ತಕ್ಕಡಿ, ಕಬ್ಬಿಣದ ತೂಕದ ಕಲ್ಲು, ಒದ್ದೆ ಸೌದೆ ಹಾಕಿ ತೂಕ ಏರಿಸಿದ್ದಾರೆಂದು ಅಮ್ಮನ ಜಗಳ. ಮನೆಗೆ ಬಂದ ಮೇಲೆ ಅಂಗೈಯಲ್ಲಿ ಹೊಕ್ಕ ಸಿಬಿರನ್ನು ಪಿನ್ನಿನಿಂದ ತೆಗೆಯಬೇಕಿತ್ತು. ಸೌದೆ ಮಾರುವವನಿಗೆ ಬೇರೆ ವ್ಯಾಪಾರಿಗಳಿಗಿಲ್ಲದ ಒಂದು ಅನುಕೂಲ ಇದೆ. ಎಲ್ಲರ ಮನೆಯ ಹಿತ್ತಿಲೂ ಅವನಿಗೆ ಗೊತ್ತು. ಯಾರ ಮನೆಯಲ್ಲಿ ಒಲೆ ಉರಿಯುತ್ತಿದೆ, ಯಾರಲ್ಲಿ ಉರಿಯುತ್ತಿಲ್ಲ, ಯಾರಿಗೆ ಸಾಲ ಕೊಡಬಹುದು, ಯಾರ ಮಗ ಕೆಲಸ ಕಳೆದುಕೊಂಡಿದ್ದಾನೆ. ಮತ ಕೇಳುವವನಿಗೆ ಇನ್ನೇನು ಬೇಕು? ಇದು ನನ್ನ ಊಹೆ, ಆದರೆ ತೀರಾ ತಪ್ಪಿರಲಾರದು. ಒಂದು ಗಾಡಿ ಹಲವು ಗಾಡಿಯಾಯಿತು, ಸೌದೆಯ ಹಣ ನಿವೇಶನದ ವ್ಯವಹಾರಕ್ಕೆ ಹೋಯಿತು, 1902ರಲ್ಲಿ ಆತ ರಾಜ್ಯದ ಶಾಸನಸಭೆಗೆ ಆಯ್ಕೆಯಾದ. ಆಗ ವಯಸ್ಸು 29.

ಅಂದಹಾಗೆ, ನಮ್ಮ ಸ್ವಾಮೀಜಿ ಶಿಕಾಗೊದಲ್ಲಿ ಭಾಷಣ ಮಾಡಿದ 1893ರಲ್ಲಿ ಈತನಿಗೆ ಇಪ್ಪತ್ತು ವರ್ಷ. ಅದೇ ಊರಿನ ಬೇರೆ ಮೂಲೆ.

ಕಾಫಿ ಮುಗಿಸಿ ಹೊರಟಾಗ ಎಡಗಡೆ ಕಂಚಿನ ಒಂದು ಮೂರ್ತಿ ಸಿಕ್ಕಿತು. ಮುಸುಕು ಹಾಕಿಕೊಂಡ ಮುದುಕಿ, ಕೈಯಲ್ಲಿ ಊರುಗೋಲು, ಎದುರಿಗಿರುವ ಸಮಾಧಿ ಮಂಟಪದ ಬಾಗಿಲ ಕಡೆಗೆ ಹೆಜ್ಜೆ ಹಾಕುತ್ತಿರುವಂತೆ ನಿಲ್ಲಿಸಿದ್ದಾರೆ. ಮೂರ್ತಿಗೆ ಪೀಠ ಇದ್ದರೂ ಅವಳು ನಮ್ಮ ಜೊತೆಗೇ ನಡೆಯುತ್ತಿದ್ದಾಳೆ ಅನ್ನಿಸುತ್ತದೆ. ಮುಖ ನೋಡಲು ಬಗ್ಗಿದೆ. ಮುಸುಕಿನೊಳಗೆ ಕತ್ತಲು. ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ.

ಆತನ ಸಮಾಧಿ ಹುಡುಕಲು ನಾವು ಎರಡು ಸಲ ದಾರಿ ತಪ್ಪಿದೆವು. ನಾನು ಏನೋ ಭಾರೀ ಸ್ಮಾರಕ ಇರುತ್ತದೆಂದು ದೂರದಲ್ಲೇ ಕಣ್ಣು ಹಾಯಿಸುತ್ತಿದ್ದೆ. ಕಂಡದ್ದು ಕಲ್ಲಿನ ಗಂಭೀರವಾದ ಒಂದು ಮಂಟಪ, ಅಷ್ಟೆ. ಬಾಗಿಲ ಮೇಲಿನ ಹೆಸರನ್ನು ಹುಡುಗ ಒಂದು ಬಗೆಯಲ್ಲಿ ಓದಿದ, ನಾನು ಇನ್ನೊಂದು ಬಗೆಯಲ್ಲಿ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು.

ಈ ಹೆಸರಿನ ಮೇಲೇ ಒಂದು ಚುನಾವಣೆ ನಡೆದದ್ದು. 1931ರ ಮೇಯರ್ ಚುನಾವಣೆ. ಎದುರಾಳಿ ಮೂರು ಸಲ ಮೇಯರ್ ಆಗಿದ್ದ, ಬಾಯಿ ಜೋರಿನ ಮನುಷ್ಯ. 1933ರಲ್ಲಿ ಶಿಕಾಗೊದಲ್ಲಿ ವಿಶ್ವಮೇಳ ನಡೆಯುವುದಿತ್ತು. ಇಂಥ ಹೆಸರಿನವನು ವಿಶ್ವಮೇಳದ ಮೇಯರ್ ಆದರೆ ಹೇಗಿರುತ್ತೆ, ನಿನ್ನ ತಳ್ಳುಗಾಡಿ ಎಲ್ಲಿ ಬಿಟ್ಟು ಬಂದೆಯಪ್ಪ ಎಂದು ಪ್ರಾಸ ಕಟ್ಟಿ ಸಭೆಗಳಲ್ಲಿ ಹಾಡಿಸಿದ. ನಿಜವಾಗಿ ಈತ ತಳ್ಳುಗಾಡಿಯವನಲ್ಲ, ಕುದುರೆ ಗಾಡಿಯವನು. ಆದರೆ ಬೈಯುವವರಿಗೆ ಕುದುರೆಯ ಗೊಡವೆ ಯಾಕೆ? 1620ರಲ್ಲಿ ಮೇಫ್ಲವರ್ ಎಂಬ ಹಡಗಿನಲ್ಲಿ ಬಂದಿಳಿದವರ ವಂಶ ತಮ್ಮದೆಂದು ಹೇಳಿಕೊಳ್ಳುವುದು ಆ ದೇಶದಲ್ಲಿ ದೊಡ್ಡಸ್ತಿಕೆ. ಅದನ್ನೇ ಹಿಡಿದು ಈತ ಕೊಟ್ಟ ಉತ್ತರ ಇಂದಿಗೂ ಪ್ರಸಿದ್ಧ: ನಾನು ಮೇಫ್ಲವರಿನಲ್ಲಿ ಬರಲಿಲ್ಲ ನಿಜ, ಆದರೆ ಎಷ್ಟು ಬೇಗ ಬರಲಾಗುತ್ತಿತ್ತೋ ಅಷ್ಟು ಬೇಗ ಬಂದೆ. ಒಂದು ವರ್ಷದ ಕೂಸು ಅದಕ್ಕಿಂತ ಬೇಗ ಹೇಗೆ ಬಂದೀತು! ಸುಮಾರು ಶೇ. 58ರಷ್ಟು ಮತ ಪಡೆದು ಗೆದ್ದ. ಹೊರದೇಶದಲ್ಲಿ ಹುಟ್ಟಿದವನು ಈ ನಗರದ ಮೇಯರ್ ಆದ.

ಮಾತಿನ ಚುರುಕಿನಿಂದಷ್ಟೇ ಗೆದ್ದ ಎಂದುಕೊಳ್ಳಬೇಡಿ. ಈತ ಲೆಕ್ಕದ ಮನುಷ್ಯ. ಆವರೆಗೆ ಈತನ ಪಕ್ಷದ ಹಿಡಿತ ಐರಿಷ್ ಮೂಲದವರ ಕೈಯಲ್ಲಿತ್ತು. ಚೆಕ್, ಪೋಲಿಷ್, ಜರ್ಮನ್, ಯಹೂದಿ, ಇಟಾಲಿಯನ್, ಹೀಗೆ ಒಬ್ಬರ ಮುಖ ಒಬ್ಬರು ನೋಡದ ಕೇರಿಗಳನ್ನು ಈತ ಒಂದು ದಾರಕ್ಕೆ ಪೋಣಿಸಿದ. ದಾರ ಯಾವುದು ಗೊತ್ತೇ? ಬಿಯರ್. ಭಾನುವಾರ ಪಾನಗೃಹ ಮುಚ್ಚಬೇಕು ಎಂಬ ಕಾನೂನು, ಆಮೇಲೆ 1920ರಿಂದ ದೇಶಾದ್ಯಂತ ಪಾನನಿಷೇಧ. ವಾರದ ಆರು ದಿನ ಕಾರ್ಖಾನೆಯಲ್ಲಿ ದುಡಿದವನಿಗೆ ಏಳನೆಯ ದಿನ ಹೆಂಡತಿ ಮಕ್ಕಳ ಜೊತೆ ಕೂತು ಒಂದು ಲೋಟ ಬಿಯರ್ ಕುಡಿಯುವುದೂ ಅಪರಾಧವಾದರೆ ಸಿಟ್ಟು ಬಾರದೆ? ಆ ಸಿಟ್ಟಿಗೆ ಭಾಷೆಯ ಭೇದ ಇರಲಿಲ್ಲ. ವಲಸಿಗರ ಸಂಘಗಳನ್ನೆಲ್ಲ ಸೇರಿಸಿದ ಒಕ್ಕೂಟಕ್ಕೆ ಈತನೇ ಕಾರ್ಯದರ್ಶಿ. ಪಾನಗೃಹದವರ ಬೆಂಬಲ ಬೆನ್ನಿಗಿತ್ತು ಎನ್ನುವುದನ್ನೂ ಮರೆಯಬಾರದು. ಅಧಿಕಾರದಲ್ಲಿದ್ದುಕೊಂಡೇ ಆಸ್ತಿ ವ್ಯವಹಾರದಲ್ಲಿ ಚೆನ್ನಾಗಿ ದುಡ್ಡು ಮಾಡಿದ. ಸಂತನಂತೂ ಅಲ್ಲ. 1922ರಿಂದ ಒಂಬತ್ತು ವರ್ಷ ಜಿಲ್ಲಾ ಮಂಡಳಿಯ ಅಧ್ಯಕ್ಷನಾಗಿದ್ದಾಗ ಕಟ್ಟಿಕೊಂಡ ಪಕ್ಷದ ಯಂತ್ರ ಆತ ಸತ್ತ ಮೇಲೂ ದಶಕಗಳ ಕಾಲ ಆ ಊರನ್ನು ಆಳಿತು.

ಮಂಟಪದ ಮುಂದೆ ನಿಂತಾಗ ಓದಲು ಸಿಗುವ ಸಾಲು ಬೇರೆಯೇ. ನಿಮ್ಮ ಬದಲು ನನಗೆ ತಗುಲಿತಲ್ಲ, ಸಂತೋಷ. ಇದು ಆತನ ಬಾಯಿಂದ ಬಂದದ್ದೆಂದು ಹೇಳುವ ಮಾತು.

1933ರ ಫೆಬ್ರುವರಿ 15ರ ರಾತ್ರಿ, ಮಯಾಮಿಯ ಕಡಲದಡದ ಉದ್ಯಾನ. ಇನ್ನೆರಡು ವಾರದಲ್ಲಿ ಅಧಿಕಾರ ವಹಿಸಿಕೊಳ್ಳಲಿದ್ದ ದೇಶದ ಹೊಸ ಅಧ್ಯಕ್ಷರು ತೆರೆದ ಕಾರಿನಲ್ಲಿ ಕೂತು ಚುಟುಕಾಗಿ ಮಾತಾಡಿದರು. ಈತ ಕಾರಿನ ಬಳಿ ಹೋದ. ಪಕ್ಷದ ಸಭೆಯಲ್ಲಿ ಅವರ ವಿರುದ್ಧ ನಿಂತಿದ್ದವನು, ರಾಜಿ ಮಾಡಿಕೊಳ್ಳಬೇಕಿತ್ತು. ಶಿಕಾಗೊದ ಖಜಾನೆ ಖಾಲಿ, ಶಾಲಾ ಶಿಕ್ಷಕರಿಗೆ ತಿಂಗಳುಗಟ್ಟಲೆ ಸಂಬಳವಿಲ್ಲ, ಕೇಂದ್ರದಿಂದ ನೆರವು ಬೇಕಿತ್ತು. ಆಗ ಗುಂಡು ಹಾರಿತು. ಐವರಿಗೆ ತಗುಲಿತು, ಅಧ್ಯಕ್ಷರಿಗೆ ತಗುಲಲಿಲ್ಲ. ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಮಾರ್ಚ್ 6ರಂದು ಈತ ತೀರಿಕೊಂಡ. ಗುಂಡಿನಿಂದ ಸತ್ತನೋ, ಮೊದಲೇ ಇದ್ದ ಕರುಳಿನ ಬೇನೆಯಿಂದಲೋ ಎಂದು ವೈದ್ಯರು ಇಂದಿಗೂ ವಾದಿಸುತ್ತಾರೆ. ಆ ಮಾತನ್ನು ಆತ ನಿಜಕ್ಕೂ ಆಡಿದನೇ ಎಂಬುದರಲ್ಲೂ ಅನುಮಾನವಿದೆ. ಪತ್ರಿಕೆಯವರು ಬರೆದುಕೊಟ್ಟದ್ದು ಎಂಬವರೇ ಹೆಚ್ಚು. ನನಗೂ ಹಾಗೇ ಅನ್ನಿಸುತ್ತದೆ. ಶ್ವಾಸಕೋಶಕ್ಕೆ ಗುಂಡು ಹೊಕ್ಕವನು ಕಲ್ಲಿನಲ್ಲಿ ಕೆತ್ತಿಸುವಷ್ಟು ಅಚ್ಚುಕಟ್ಟಾಗಿ ಮಾತಾಡುವುದು ಕಷ್ಟ. ನೆರವು ಕೇಳಲು ಹೋದ ಸೌದೆ ವ್ಯಾಪಾರಿಯ ಬಾಯಲ್ಲಿ ಸಂಬಳದ ವಿಷಯ ಬಂದಿದ್ದರೆ ನಂಬಬಹುದಿತ್ತು.

ಗುಂಡು ಹಾರಿಸಿದವನ ಬಗ್ಗೆ ಈ ಕಲ್ಲು ಏನೂ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ನನ್ನ ತಲೆಯಲ್ಲಿ ಮಾತ್ರ ಅವನೇ ಕೂತಿದ್ದ. ಅವನೂ ವಲಸೆಗಾರ. ಇಟಲಿಯ ದಕ್ಷಿಣ ತುದಿಯ ಕಲಾಬ್ರಿಯಾದವನು, ವೃತ್ತಿಯಿಂದ ಇಟ್ಟಿಗೆ ಕಟ್ಟುವ ಗಾರೆ ಕೆಲಸದವನು. ಗಿಡ್ಡ ಆಳು, ಸುಮಾರು ಐದಡಿ. ಜನರ ತಲೆಗಳಾಚೆ ಕಾಣಲಿಲ್ಲವೆಂದು ಅಲುಗಾಡುವ ಕುರ್ಚಿಯ ಮೇಲೆ ಹತ್ತಿ ನಿಂತು ಹಾರಿಸಿದ. ಚಿಕ್ಕಂದಿನಿಂದ ಹೊಟ್ಟೆನೋವು ಅವನನ್ನು ತಿನ್ನುತ್ತಿತ್ತು. ರಾಜರು, ಅಧ್ಯಕ್ಷರು ಯಾರನ್ನು ಕಂಡರೂ ಆಗುತ್ತಿರಲಿಲ್ಲ. ಶಿಕಾಗೊದ ಭೂಗತ ಗ್ಯಾಂಗಿನವರು ಮೇಯರನ್ನು ಮುಗಿಸಲೆಂದೇ ಅವನನ್ನು ಕಳಿಸಿದರು ಎಂಬ ಕಥೆ ಇದೆ. ಅಲುಗಾಡುವ ಕುರ್ಚಿ ಹತ್ತಿ ಗುಂಪಿನ ಮೇಲೆ ಸುಡುವವನನ್ನು ಗ್ಯಾಂಗಿನವರು ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆಯೇ? ಮೇಯರ್ ಸತ್ತ ಹದಿನಾಲ್ಕನೇ ದಿನ, ಮಾರ್ಚ್ 20ರಂದು, ಅವನನ್ನು ವಿದ್ಯುತ್ ಕುರ್ಚಿಗೆ ಹಾಕಿದರು. ಫ್ಲೋರಿಡಾದ ಸೆರೆಮನೆಯ ಹೆಸರಿಲ್ಲದ ಗುಂಡಿಯಲ್ಲಿ ಹೂತರು. ಸೌದೆಯವನಿಗೆ ಮಂಟಪ, ಗಾರೆಯವನಿಗೆ ಒಂದು ಇಟ್ಟಿಗೆಯೂ ಇಲ್ಲ. ಕೊಲೆಗಾರನಿಗೆ ಇಟ್ಟಿಗೆ ಇಡಬೇಕಿತ್ತು ಎಂದೇನೂ ನಾನು ಹೇಳುತ್ತಿಲ್ಲ. ಆದರೂ ಅಲ್ಲಿ ನಿಂತಾಗ ಹೀಗೆ ಅನ್ನಿಸಿದ್ದು ನಿಜ.

"ಬಿಯರ್ ಏನಾಯ್ತು?" ಎಂದ ಹುಡುಗ. ಅವನ ಗಮನ ಅಲ್ಲೇ ಇತ್ತು. ಬಂತು. 1933ರ ಏಪ್ರಿಲ್ 7ರಂದು ಹಗುರ ಬಿಯರ್ ಮಾರಾಟಕ್ಕೆ ಕಾನೂನಿನ ಒಪ್ಪಿಗೆ ಸಿಕ್ಕಿತು. ಎರಡು ವರ್ಷದ ಹಿಂದೆ ಈತ ಮೇಯರ್ ಚುನಾವಣೆ ಗೆದ್ದದ್ದೂ ಏಪ್ರಿಲ್ 7. ಸತ್ತು ಆಗಲೇ ಒಂದು ತಿಂಗಳಾಗಿತ್ತು. ವಿಶ್ವಮೇಳ ಮೇ 27ಕ್ಕೆ ಶುರುವಾಯಿತು. ಅದನ್ನೂ ನೋಡಲಿಲ್ಲ. 1893ರ ಮೇಳದ ಹೊತ್ತಿಗಿದ್ದ ಮೇಯರನ್ನು, ಮೇಳ ಮುಗಿಯಲು ಎರಡು ದಿನ ಇರುವಾಗ, ಅವರ ಮನೆಯಲ್ಲೇ ಗುಂಡಿಟ್ಟು ಕೊಂದಿದ್ದರು. ಈ ಊರಿಗೂ ಮೇಳಕ್ಕೂ ಏನೋ ಆಗಿಬರುವುದಿಲ್ಲ ಎಂದೆ. "ಅಜ್ಜಿ ಥರ ಮಾತಾಡ್ತೀರಿ" ಎಂದ.

ಹಿಂದಿರುಗುವ ದಾರಿಯಲ್ಲಿ ಇಟ್ಟಿಗೆ ಗೋಡೆಯೊಂದು ಎದುರಾಯಿತು. ಬೇಸ್‌ಬಾಲ್ ಕ್ರೀಡಾಂಗಣದ ಗೋಡೆಯನ್ನೇ ಹೋಲುವ ಗೋಡೆ, ಬಳ್ಳಿ ಹಬ್ಬಿದೆ. ಊರಿನ ಒಂದು ತಂಡದ ಅಭಿಮಾನಿಗಳ ಬೂದಿಗೆ ಅದರಲ್ಲಿ ಗೂಡುಗಳಿವೆ. ಬೆಳಿಗ್ಗೆಯಿಂದ ಗೊಣಗುತ್ತಿದ್ದವನು ಅಲ್ಲಿ ಮಾತ್ರ ಅರಳಿದ ಮುಖದಲ್ಲಿ ಹತ್ತು ಫೋಟೋ ತೆಗೆದ.

ಅಲ್ಲಿಂದ ನಗರದ ದಕ್ಷಿಣಕ್ಕೆ, ಆತನ ಹೆಸರಿನ ರಸ್ತೆಗೆ ಹೋದೆವು. ಮೊದಲು ಅದಕ್ಕೆ 22ನೇ ರಸ್ತೆ ಎಂಬ ನಂಬರು ಮಾತ್ರ ಇತ್ತು, 1933ರಲ್ಲಿ ಹೆಸರು ಬದಲಾಯಿಸಿದರು. ಅದರ ಒಂದು ಭಾಗ ಪಿಲ್ಸನ್ ಎಂಬ ಬಡಾವಣೆಯ ಅಂಚಿನಲ್ಲಿ ಹಾಯುತ್ತದೆ. ಬಿಯರಿಗೆ ಹೆಸರಾದ ಬೊಹೀಮಿಯಾದ ಊರಿನ ನೆನಪಿಗೆ ಇಟ್ಟ ಹೆಸರು. ಈಗ ಅಲ್ಲಿ ಚೆಕ್ ಮಾತು ಕಿವಿಗೆ ಬೀಳುವುದಿಲ್ಲ. ಮೆಕ್ಸಿಕೊದಿಂದ ಬಂದವರ ಮನೆಗಳು, ಗೋಡೆ ತುಂಬ ಬಣ್ಣದ ಚಿತ್ರಗಳು, ಸ್ಪ್ಯಾನಿಷ್ ಫಲಕಗಳು. ಹಳೆಯ ಕಟ್ಟಡಗಳ ನೆತ್ತಿಯನ್ನು ನೋಡಿದರೆ ಮಾತ್ರ ಒಂದೆರಡು ಕಡೆ ಕೆತ್ತಿದ ಹಳೆಯ ಹೆಸರು ಉಳಿದಿದೆ.

ರಸ್ತೆಯ ಫಲಕದ ಕೆಳಗೇ ಒಬ್ಬ ತಳ್ಳುಗಾಡಿ ನಿಲ್ಲಿಸಿಕೊಂಡು ಮುಸುಕಿನ ಜೋಳ ಮಾರುತ್ತಿದ್ದ. ಬಣ್ಣದ ಛತ್ರಿ, ಪಾತ್ರೆಯಿಂದ ಏಳುವ ಹಬೆ. ಅಲ್ಲಿ ಅದಕ್ಕೆ ಎಲೋತೆ ಎನ್ನುತ್ತಾರೆ. ಇಂಥ ಗಾಡಿಗಳಲ್ಲಿ ತಿನಿಸು ಮಾರಲು ಶಿಕಾಗೊ ನಗರಸಭೆ ಪರವಾನಗಿಯ ನಿಯಮ ತಂದದ್ದು 2015ರಲ್ಲಿ. ಅಲ್ಲಿಯವರೆಗೆ ಪೊಲೀಸರು ಬಂದರೆ ಓಡಬೇಕಿತ್ತು. ತಳ್ಳುಗಾಡಿಯವನೆಂದು ಬೈಸಿಕೊಂಡವನು ಆಳಿದ ಊರು ಇದು.

ಎರಡು ಜೋಳ ಹೇಳಿ, ಮೇಲಿನ ಫಲಕ ತೋರಿಸಿ, ಈ ರಸ್ತೆಯ ಹೆಸರೇನು ಎಂದು ಹುಡುಗನಿಂದ ಕೇಳಿಸಿದೆ. ಎದುರಿಗೇ ಬರೆದಿರುವುದನ್ನು ಕೇಳುತ್ತಾರಲ್ಲ ಎಂದು ಅವನು ನಮ್ಮಿಬ್ಬರನ್ನೂ ಒಮ್ಮೆ ನೋಡಿದ. ಆಮೇಲೆ ಹೇಳಿದ. ಮೊದಲ ಅಕ್ಷರ ಸಕಾರವೇ. ಆದರೆ ಇಂಗ್ಲಿಷಿನವರು ನುಂಗಿಬಿಡುವ ನಡುವಿನ ರಕಾರವನ್ನು ಅವನು ನುಂಗಲಿಲ್ಲ. ನಾಲಗೆಯ ತುದಿಯಲ್ಲಿ, ನಾವು ಹೇಳುವ ಹಾಗೆ, ಆತನ ಅಪ್ಪ ಹೇಳುತ್ತಿದ್ದಿರಬಹುದಾದ ಹಾಗೆ, ಮಿಡಿದು ಹೇಳಿದ. ಇನ್ನೊಮ್ಮೆ ಹೇಳು ಎಂದೆ. ಅವನಿಗೆ ತಿಳಿಯಲಿಲ್ಲ. ಜೋಳಕ್ಕೆ ಬೆಣ್ಣೆ ಸವರಿ, ಚೀಸ್ ಉದುರಿಸಿ, ಕೆಂಪು ಪುಡಿಯ ಡಬ್ಬಿ ಕೈಗೆತ್ತಿಕೊಂಡು ನಮ್ಮತ್ತ ನೋಡಿದ.

"ಖಾರ ಎಷ್ಟು ಅಂತ ಕೇಳ್ತಿದ್ದಾನೆ, ಚಿಕ್ಕಮ್ಮ" ಎಂದ ಹುಡುಗ.